ಗಾಳಿಕಿಂಡಿ

ಟಾರ್ಪಾಲಿನ ಹಗ್ಗಕ್ಕೆ ಕೈ ಹಾಕುವ ಮೊದಲೇ ದಾಲ್‌ಸುವಿನ ಮೂಗಿಗೆ ಅದು ಬಡಿಯಿತು. ಬೂಸಾನ್ ಬಂದರಿನಲ್ಲಿ ತಂಪು ಕಂಟೇನರುಗಳ ರಿಪೇರಿ ಮಾಡುತ್ತ ಅರ್ಧ ಆಯುಷ್ಯ ಕಳೆದವನಿಗೆ ಕೊಳೆತದ್ದರ ವಾಸನೆ ಹೊಸದೇನಲ್ಲ. ಈರುಳ್ಳಿ ಕೊಳೆತರೆ ಕಣ್ಣು ಉರಿಯುತ್ತದೆ, ಬಾಳೆಹಣ್ಣು ಕೊಳೆತರೆ ಹೆಂಡದ ಹಾಗೆ ತಲೆಗೆ ಏರುತ್ತದೆ, ಕರೆಂಟು ಹೋದ ಮೀನಿನ ಕಂಟೇನರು ದಿನಗಟ್ಟಲೆ ಕೂದಲಿನಲ್ಲಿ ಉಳಿಯುತ್ತದೆ. ಇದು ಅವು ಯಾವುವೂ ಅಲ್ಲ. ಚರಂಡಿಯ ನೀರನ್ನು ಪಾತ್ರೆಗೆ ಬಗ್ಗಿಸಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸಿದ ಹಾಗಿತ್ತು.

"ಮುಖ ಯಾಕೆ ಹಾಗೆ ಸಿಂಡರಿಸ್ತೀಯ? ಕೋಸು ಕಣಯ್ಯ, ಹೆಣ ಅಲ್ಲ," ಎಂದ ಮಾನ್‌ಗಿ.

ಮಾನ್‌ಗಿ ದಾಲ್‌ಸುವಿನ ಹೆಂಡತಿಯ ಅಣ್ಣ, ಕೋಸಿಗೆ ಉಪ್ಪು ಖಾರ ಬೆರೆಸಿ ಹುಳಿ ಬರಿಸುವ ಕಿಮ್ಚಿಯ ಈ ಕಾರ್ಖಾನೆಯ ಯಜಮಾನ. ಕಾಲಿಗೆ ಮೊಳಕಾಲುದ್ದದ ರಬ್ಬರ್ ಬೂಟು, ಕುತ್ತಿಗೆಯಲ್ಲಿ ಒದ್ದೆ ಟವೆಲು, ಕೈಯಲ್ಲಿ ಐಸು ತುಂಬಿದ ಕಾಫಿ. ಆ ವಾಸನೆಯ ನಟ್ಟನಡುವೆ ನಿಂತು ಅವನು ನಿಶ್ಚಿಂತೆಯಿಂದ ಕಾಫಿ ಹೀರುತ್ತಿದ್ದ. 

"ಭಾವ, ಮಿಶನ್ನಿನ ಮೂತಿಗೆ ಟಾರ್ಪಾಲು ಸುತ್ತಿದ್ದು ಯಾರು?"

"ಇನ್ಯಾರು, ನಾನೇ. ಹಿಂದಿನ ಬೀದಿಯವರು ಫ್ಯಾನಿನ ಸದ್ದಿಗೆ ತಲೆನೋವು ಅಂತ ದಿನಾ ಬಾಗಿಲಿಗೆ ಬರ್ತಿದ್ರು. ಆ ಲಾಂಡ್ರಿಯವಳಂತೂ ಮೈಮೇಲೆ ದೆವ್ವ ಬಂದವಳ ಹಾಗೆ ಕೂಗ್ತಾಳೆ. ಸದ್ದು ಕಡಿಮೆ ಆಗ್ಲಿ ಅಂತ ಸುತ್ತಿದೆ. ಅದರಲ್ಲೇನು ತಪ್ಪು?"

"ಅದು ಬಿಸಿಗಾಳಿ ಹೊರಗೆ ಬಿಡೋ ಜಾಗ. ಬಾಯಿಗೆ ಬಟ್ಟೆ ತುರುಕಿ ಓಡು ಅಂದ್ರೆ ಯಾರು ಓಡ್ತಾರೆ? ಮತ್ತೆ ಈ ಗಾಳಿಕಿಂಡಿ ಮುಚ್ಚಿದ್ದು?"

"ಅದೂ ನಾನೇ. ತಂಪು ಸೋರಿ ಹೋಗಲ್ವಾ?"

ದಾಲ್‌ಸು ಹಗ್ಗ ಬಿಚ್ಚತೊಡಗಿದ. ಹಳೆಯ ಕಂಟೇನರುಗಳೆರಡನ್ನು ಹುಡುಕಿ ತಂದು, ಕಾರ್ಖಾನೆಯ ಹಿತ್ತಲಲ್ಲಿ ನಿಲ್ಲಿಸಿ ಕೊಟ್ಟವನು ಅವನೇ. ಮೀನಿಟ್ಟರೆ ಕಿಂಡಿ ಮುಚ್ಚು, ಕೋಸಿಟ್ಟರೆ ತೆರೆದಿಡು, ಕೋಸು ಕಿತ್ತ ಮೇಲೂ ಉಸಿರಾಡುತ್ತದೆ, ಉಸಿರಾಡಿದಷ್ಟೂ ಬಿಸಿಯಾಗುತ್ತದೆ ಎಂದು ಅವತ್ತೇ ಕೈ ಹಿಡಿದು ಹೇಳಿಕೊಟ್ಟಿದ್ದ. ಮಾನ್‌ಗಿ ಆಗ ಯಾರ ಜೊತೆಗೋ ಫೋನಿನಲ್ಲಿ ಮಾತಾಡುತ್ತ, ಹೂಂ ಹೂಂ ಎಂದು ತಲೆಯಾಡಿಸಿದ್ದ.

ಟಾರ್ಪಾಲು ಕಿತ್ತಾಗ ಅದರ ಒಳಮೈಯಿಂದ ನೊಣಗಳು ಒಂದು ಮುಷ್ಟಿ ಎರಚಿದ ಹಾಗೆ ಹಾರಿದವು. ಬಿಸಿ ಹೊರಹಾಕುವ ಕಂಡೆನ್ಸರಿನ ಜಾಲರಿಯ ಮೇಲೆ ಧೂಳು, ಕೂದಲು, ಬೆಳ್ಳುಳ್ಳಿ ಸಿಪ್ಪೆ ಸೇರಿ ಕಂಬಳಿಯಷ್ಟು ದಪ್ಪಗೆ ಕಟ್ಟಿಕೊಂಡಿತ್ತು. ಬಿಸಿ ತಡೆಯಲಾರದೆ ಮಿಶನ್ನು ಯಾವಾಗಲೋ ತಾನಾಗಿ ನಿಂತಿತ್ತು. ದಾಲ್‌ಸು ಹಿಂದಕ್ಕೆ ಹೋಗಿ ಬಾಗಿಲಿನ ಸರಳು ಎತ್ತಿದ.

ಮೊದಲು ಬಂದದ್ದು ಬಿಸಿ. ಆಗಸ್ಟಿನ ಬಿಸಿಲಿಗಿಂತ ಬಿಸಿಯಾದ, ಯಾರೋ ಮುಖದ ಮೇಲೆ ತೇಗಿದ ಹಾಗಿನ ಗಾಳಿ. ಆಮೇಲೆ ಕಂದು ನೀರು ಹೊಸ್ತಿಲು ದಾಟಿ ಎಳೆ ಎಳೆಯಾಗಿ ಇಳಿದು ಅವನ ಬೂಟಿನ ಮೇಲೆ ಸುರಿಯಿತು. ಒಳಗೆ, ಗಾಂಗ್‌ವೊನ್ ಬೆಟ್ಟದಿಂದ ಬಂದ ಕೋಸುಗಳ ರಾಶಿ ಕುಸಿದು ಕೂತಿತ್ತು. ಮೇಲಿನ ಬುಟ್ಟಿಗಳಲ್ಲಿ ಎಲೆ ಹಳದಿಯಾಗಿತ್ತು, ನಡುವಿನದರಲ್ಲಿ ಕಂದಾಗಿತ್ತು, ಕೆಳಗಿನದರಲ್ಲಿ ಎಲೆ ಯಾವುದು ಲೋಳೆ ಯಾವುದು ಗೊತ್ತಾಗುತ್ತಿರಲಿಲ್ಲ. ದಾಲ್‌ಸು ಗೋಡೆಯ ಕಡೆ ತಿರುಗಿ, ಮಧ್ಯಾಹ್ನ ತಿಂದ ತಣ್ಣನೆಯ ಶ್ಯಾವಿಗೆಯನ್ನೆಲ್ಲ ಕಾರಿಕೊಂಡ.

ಮಾನ್‌ಗಿ ಅವನ ಬೆನ್ನು ನೀವಿದ. "ಆಯ್ತು ಆಯ್ತು. ನಿನ್ನ ಮೂಗು ಮೊದಲಿಂದ್ಲೂ ಹಾಗೇ. ಬಾಯಿ ತೊಳ್ಕೋ."

"ಎಲ್ಲಾ ಹೋಯ್ತಲ್ಲ ಭಾವ. ಇನ್ನೊಂದರದ್ದೂ ಇದೇ ಗತಿ ಇರುತ್ತೆ. ಎಸೆಯೋದೊಂದೇ ದಾರಿ."

"ಎಸೆಯೋಣ, ಎಸೆಯೋಣ. ಲಾರಿಗೆ ಹೇಳ್ಬೇಕು, ಸುಗ್ಗಿ ಹಬ್ಬದ ಮುಂಚೆ ಲಾರಿ ಎಲ್ಲಿ ಸಿಗುತ್ತೆ? ಅಲ್ಲೀವರೆಗೆ ತಂಪಾಗಿ ಇರ್ಲಿ. ಈ ನಾತ ಬೀದಿಗೆ ಹೋದ್ರೆ ಆ ಲಾಂಡ್ರಿಯವಳು ನಗರಸಭೆಯವರನ್ನೇ ಕರ್ಕೊಂಡು ಬರ್ತಾಳೆ. ಸದ್ದಿಲ್ಲದೆ ಓಡೋ ಹಾಗೆ ಏನಾದ್ರೂ ಮಾಡು, ನಿನ್ನ ಕೈಲಿ ಆಗದ್ದು ಏನಿದೆ?"

ಆ ಮಾತಿನಲ್ಲಿ ದಾಲ್‌ಸುವಿಗೆ ತಪ್ಪೇನೂ ಕಾಣಲಿಲ್ಲ. ಜಾಲರಿ ಉಜ್ಜಿ ತೊಳೆದ. ಹಡಗಿನ ಹೊಟ್ಟೆಯಲ್ಲಿ, ಗಾಳಿಯಾಡದ ಕಡೆ ಇಡುವ ಕಂಟೇನರುಗಳಿಗೆ ಫ್ಯಾನಿನ ಬದಲು ನೀರು ಹರಿಸಿ ಕಂಡೆನ್ಸರು ತಂಪು ಮಾಡುವ ಅನುಕೂಲ ಇರುತ್ತದೆ. ಇವೂ ಒಂದು ಕಾಲದಲ್ಲಿ ಹಡಗಿನ ಹೊಟ್ಟೆ ಕಂಡವೇ. ಕೋಸು ತೊಳೆಯುವ ಬೋರ್‌ವೆಲ್ಲಿನಿಂದ ಪೈಪು ಎಳೆದು ಎರಡಕ್ಕೂ ಜೋಡಿಸಿದ. ನೀರಿನ ಒತ್ತಡ ಸಿಕ್ಕಿದ್ದೇ ಫ್ಯಾನು ತಾನಾಗಿ ನಿಂತಿತು. ಕಂಪ್ರೆಸರಿನ ಸಣ್ಣ ಗುನುಗು ಮಾತ್ರ ಉಳಿಯಿತು, ಬೆಕ್ಕು ಮಲಗಿದ ಹಾಗೆ. ಗಾಳಿಕಿಂಡಿಯನ್ನು ಅವನು ತೆರೆದಿಟ್ಟಿದ್ದ. ಮಾನ್‌ಗಿ ಹಿಂದಿನಿಂದ ಬಂದು ಅದನ್ನು ತಿರುಗಿಸಿ ಮುಚ್ಚಿದ.

"ಎಸೆಯೋ ಮಾಲಿಗೆ ಉಸಿರು ಯಾಕೆ?" ಎಂದು ನಕ್ಕ.

ದಾಲ್‌ಸುವೂ ನಕ್ಕ. ಆಮೇಲೆ ಎಷ್ಟೋ ಸಲ ಆ ನಗು ನೆನೆದು ಅವನಿಗೆ ಮೈ ಮುದುಡುತ್ತಿತ್ತು.

ಮಾನ್‌ಗಿಗೆ ಯಾವುದೂ ಹೇಸಿಗೆ ಅಲ್ಲ. ದಾಲ್‌ಸುವಿನ ತಾಯಿ ಕೊನೆಯ ಕಾಲದಲ್ಲಿ ಹಾಸಿಗೆ ಹಿಡಿದಿದ್ದಾಗ ಬೆನ್ನಿನ ತುಂಬ ಹುಣ್ಣಾಗಿತ್ತು. ಕೋಣೆಯ ಬಾಗಿಲು ತೆರೆದರೆ ಸಾಕು, ಹೆತ್ತ ಮಗನಿಗೆ ವಾಂತಿ ಬರುತ್ತಿತ್ತು. ಸೊಸೆ ಹಗಲೆಲ್ಲ ಕೆಲಸಕ್ಕೆ ಹೋಗುತ್ತಿದ್ದಳು. ಆಗ ದಿನಾ ಮಧ್ಯಾಹ್ನ ಬಂದು, ಮುದುಕಿಯನ್ನು ಮಗ್ಗುಲಾಗಿಸಿ, ಹುಣ್ಣು ತೊಳೆದು, ಪುಡಿ ಹಾಕಿ, ಹಾಡು ಹೇಳಿ ನಗಿಸಿ ಹೋಗುತ್ತಿದ್ದವನು ಈ ಮಾನ್‌ಗಿ. ಕೈಗವಸು ಕೂಡ ಹಾಕುತ್ತಿರಲಿಲ್ಲ. "ಅಮ್ಮ ಅಂದ್ಮೇಲೆ ಎಲ್ಲಾರಿಗೂ ಅಮ್ಮನೇ," ಎನ್ನುತ್ತಿದ್ದ. ದಾಲ್‌ಸು ಹೊಸ್ತಿಲ ಹೊರಗೆ ನಿಂತು ಆ ಹಾಡು ಕೇಳುತ್ತಿದ್ದ. ಅಂಥ ಮನುಷ್ಯ ಒಂದು ಮಾತು ಕೇಳಿದರೆ ಇಲ್ಲ ಅನ್ನುವುದು ಹೇಗೆ?

ಮುಂದಿನ ವಾರ ಪೈಪಿನ ಜೋಡಣೆ ನೋಡಿ ಬರೋಣವೆಂದು ಅವನು ಮತ್ತೆ ಕಾರ್ಖಾನೆಗೆ ಹೋದ. ಹಿತ್ತಲಿನಲ್ಲಿ ವಾಸನೆ ಇರಲಿಲ್ಲ. ಸದ್ದೂ ಇರಲಿಲ್ಲ. ಕಂಟೇನರುಗಳ ಮೈ ತಣ್ಣಗೆ ಬೆವೆತಿತ್ತು. ಲಾರಿ ಬಂದುಹೋಗಿರಬೇಕು ಅಂದುಕೊಂಡು ಮೊದಲನೆಯದರ ಬಾಗಿಲು ತೆರೆದ. ಅರ್ಧ ಖಾಲಿಯಾಗಿತ್ತು. ಆದರೆ ಮೇಲಿನ ಬುಟ್ಟಿಗಳಷ್ಟೇ ಹೋಗಿದ್ದವು. ಲೋಳೆಯಾದ ಕೆಳಗಿನವು ಹಾಗೇ ಇದ್ದವು. ಎಸೆಯುವವರು ಹೀಗೆ ಆರಿಸಿ ಎಸೆಯುವುದಿಲ್ಲ.

ಕಾರ್ಖಾನೆಯ ಹಿಂಬಾಗಿಲ ಹತ್ತಿರ, ಪ್ಲಾಸ್ಟಿಕ್ ಪರದೆಯ ಈಚೆ, ಹೊಸದಾಗಿ ಸೇರಿದ ನಾಲ್ಕಾರು ಹೆಂಗಸರು ಕುಕ್ಕರಗಾಲಲ್ಲಿ ಕೂತು ಕೋಸಿನ ಸಿಪ್ಪೆ ತೆಗೆಯುತ್ತಿದ್ದರು. ಕಂದು ಎಲೆ ಕಿತ್ತು ಬಿಸಾಡುತ್ತಿದ್ದರು. ಹಳದಿ ಎಲೆ ಕಿತ್ತು ಬಿಸಾಡುತ್ತಿದ್ದರು. ಕೊನೆಗೆ ಕೈಯಲ್ಲಿ ಉಳಿಯುವ ಮುಷ್ಟಿಯಷ್ಟು ದಂಟನ್ನು ಉಪ್ಪುನೀರಿಗೆ ಹಾಕುತ್ತಿದ್ದರು. ಅವರಲ್ಲೊಬ್ಬಳು ಮುಖಕ್ಕೆ ಎರಡು ಮಾಸ್ಕು ಹಾಕಿ, ನಡುವೆ ಪುದೀನ ಮುಲಾಮು ಹಚ್ಚಿಕೊಂಡಿದ್ದಳು. ಅವನನ್ನು ನೋಡಿ ತಲೆ ತಗ್ಗಿಸಿದಳು.

ಪರದೆಯ ಆಚೆ, ಉಪ್ಪಿನಲ್ಲಿ ನೆನೆದು, ತೊಳೆದು, ಬೆಳ್ಳಗೆ ಹೆಚ್ಚಿಟ್ಟ ಕೋಸಿನ ರಾಶಿಯ ಮುಂದೆ ಅತ್ತೆ ಕೂತಿದ್ದಳು. ಮಾನ್‌ಗಿಯ ತಾಯಿ. ಕಿಮ್ಚಿ ಡಬ್ಬಿಗಳ ಮೇಲೆಲ್ಲ ಅವಳ ಮುಖವಿದೆ, 'ಸುಲ್ಲೇ ಅಜ್ಜಿಯ ಕೈರುಚಿ' ಅಂತ. ಮೆಣಸಿನಪುಡಿ, ಬೆಳ್ಳುಳ್ಳಿ, ಮೀನಿನ ರಸ, ಪೇರ್‌ಹಣ್ಣಿನ ತುರಿ ಕಲಸಿದ ಮಸಾಲೆಯನ್ನು ಇವತ್ತಿಗೂ ಅವಳೇ ಹದ ಮಾಡಬೇಕು. ಕೆಲವು ವರ್ಷದ ಹಿಂದೆ ಊರಿಗೆಲ್ಲ ಬಂದ ಆ ಜ್ವರ ಅವಳಿಗೂ ಬಂದು, ಹೋಗುವಾಗ ಮೂಗಿಗೆ ವಾಸನೆ ತಿಳಿಯುವ ಶಕ್ತಿಯನ್ನು ಕೊಂಡೊಯ್ದಿತ್ತು. ಉಪ್ಪು, ಹುಳಿ, ಖಾರ ನಾಲಿಗೆಗೆ ಗೊತ್ತಾಗುತ್ತದೆ, ಅಷ್ಟು ಸಾಕು ಎನ್ನುತ್ತಿದ್ದಳು. ಹೊರಗಿನವರಿಗೆ ಇದನ್ನು ಹೇಳುತ್ತಿರಲಿಲ್ಲ.

"ಅಳಿಯಂದ್ರು ಬಂದ್ರಾ? ಬನ್ನಿ ಬನ್ನಿ. ಎಷ್ಟು ಸೊರಗಿದೀರಿ! ನನ್ನ ಮಗಳು ಅನ್ನ ಹಾಕ್ತಾಳೋ ಇಲ್ವೋ?" ಎಂದು ಅತ್ತೆ ಒಂದು ಎಳೆ ಎಲೆ ಆರಿಸಿ, ಮಸಾಲೆ ಸವರಿ, ಸುರುಳಿ ಸುತ್ತಿ ಅವನ ಬಾಯಿಯ ಹತ್ತಿರ ಹಿಡಿದಳು. "ಆ ಅನ್ನಿ."

ದಾಲ್‌ಸು ಮಾನ್‌ಗಿಯ ಕಡೆ ನೋಡಿದ. ಮಾನ್‌ಗಿ ಅಲ್ಲೇ ಡಬ್ಬಿಗೆ ಮುಚ್ಚಳ ಹಾಕುತ್ತಿದ್ದವನು, ಕಣ್ಣು ಮಿಟುಕಿಸಿ, "ಅಮ್ಮ ಕೊಟ್ಟಾಗ ತಿನ್ನಯ್ಯ," ಎಂದ.

ಮದುವೆಯಾದ ದಿನದಿಂದ ಅತ್ತೆಯ ಕೈತುತ್ತಿಗೆ ಬಾಯಿ ತೆರೆದ ಅಭ್ಯಾಸ. ಬಾಯಿ ತಾನಾಗಿ ತೆರೆಯಿತು. ಖಾರ, ಉಪ್ಪು, ಸಿಹಿ, ಕರುಂ ಅನ್ನುವ ದಂಟು. ರುಚಿಯಾಗಿತ್ತು. ಅದೇ ಅವನಿಗೆ ತಡೆಯಲಾಗದ್ದು. ಬೂಟಿನ ಮೇಲೆ ಹರಿದ ಆ ಕಂದು ನೀರಿನಿಂದ ಎತ್ತಿ ತಂದದ್ದು, ಹಿಂದಿನ ವರ್ಷದ ಹಾಗೇ, ಅದರ ಹಿಂದಿನ ವರ್ಷದ ಹಾಗೇ ರುಚಿಯಾಗಿತ್ತು. ನುಂಗಿದ. ಗಂಟಲಿನಿಂದ ಇಳಿಯುವಾಗ ಅದು ಜೀವವಿದ್ದದ್ದರ ಹಾಗೆ ಅನಿಸಿತು.

"ಹೇಗಿದೆ?"

"ಚೆನ್ನಾಗಿದೆ ಅತ್ತೆ."

ಹೊರಗೆ ಬಂದವನೇ ಮಾನ್‌ಗಿಯ ತೋಳು ಹಿಡಿದು ಕಂಟೇನರಿನ ಹತ್ತಿರ ಎಳೆದೊಯ್ದ. "ಎಸೀತೀನಿ ಅಂದಿದ್ರಿ."

"ಕೆಟ್ಟದ್ದು ಎಸೀತಾನೇ ಇದೀನಿ. ಒಳ್ಳೇದು ಇಟ್ಕೋತಿದೀನಿ. ನಿನ್ನ ಮನೇಲಿ ಹೇಗೆ ಮಾಡ್ತಾರೆ, ಒಂದೆಲೆ ಕೊಳೆತ್ರೆ ಇಡೀ ಕೋಸು ಬಿಸಾಡ್ತಾರಾ?"

"ಅದು ಒಂದೆಲೆನಾ ಭಾವ? ನಾನು ಬಾಗಿಲು ತೆಗೆದು ನೋಡ್ಲಿಲ್ವಾ? ಇದು ಯಾರಿಗೆ ಹೋಗ್ತಿದೆ?"

"ಬೆಟ್ಟದ ಮೇಲಿನ ವೃದ್ಧರ ಆಸ್ಪತ್ರೆಗೆ. ಒಂದು ಸಲದ್ದು ಹೋಗಿಯಾಯ್ತು. ಯಾರೂ ಏನೂ ಅನ್ಲಿಲ್ಲ." ಮಾನ್‌ಗಿ ಟವೆಲಿನಿಂದ ಮುಖ ಒರೆಸಿಕೊಂಡ. "ಅನ್ನೋದಕ್ಕೆ ಅಲ್ಲಿ ಯಾರಿದಾರೆ ಹೇಳು. ಅರ್ಧ ಜನಕ್ಕೆ ಮೂಗಿಲ್ಲ, ಅರ್ಧ ಜನಕ್ಕೆ ನಾಲಿಗೆ ಇಲ್ಲ. ಮಿಕ್ಸಿಗೆ ಹಾಕಿ ಅರೆದು ಚಮಚದಲ್ಲಿ ತಿನ್ನಿಸ್ತಾರೆ. ಅವರಿಗೆ ಕೆಂಪಗಿದ್ರೆ ಕಿಮ್ಚಿ."

ಅವನು ನಗುತ್ತಲೇ ಹೇಳಿದ. ಕೆಡುಕಿನ ನಗು ಅಲ್ಲ ಅದು. ಹಳೆಯ ಹಾಡು ಹೇಳಿ ಮುದುಕಿಯನ್ನು ನಗಿಸುತ್ತಿದ್ದಾಗಲೂ ಅವನು ಹೀಗೇ ನಗುತ್ತಿದ್ದ. ದಾಲ್‌ಸುವಿಗೆ ಅವನ ಮುಖವನ್ನು ನೋಡಲಾಗಲಿಲ್ಲ. ಕೆಳಗೆ ನೋಡಿದ. ತಾನು ಜೋಡಿಸಿದ ಪೈಪಿನಲ್ಲಿ ನೀರು ಜುಳುಜುಳು ಹರಿಯುತ್ತಿತ್ತು.

"ನಿನ್ನ ಮಿಶನ್ನು ಅಂದ್ರೆ ಮಿಶನ್ನು," ಎಂದ ಮಾನ್‌ಗಿ ಅವನ ಭುಜ ತಟ್ಟಿ. "ಮೂಗು ತಾಗಿಸಿ ನೋಡಿದ್ರೂ ಒಂದು ಚೂರು ವಾಸನೆ ಇಲ್ಲ. ನೀನಿಲ್ದೆ ಹೋಗಿದ್ರೆ ಈ ಸಲ ನಾನು ಮುಳುಗಿಹೋಗ್ತಿದ್ದೆ."

ಆ ಸಂಜೆ ಮನೆಯಲ್ಲಿ ದಾಲ್‌ಸು ಹಲ್ಲುಜ್ಜಿದ, ಬಾಯಿ ಮುಕ್ಕಳಿಸಿದ, ಮತ್ತೆ ಹಲ್ಲುಜ್ಜಿದ. ಊಟಕ್ಕೆ ಕೂತಾಗ ಹೆಂಡತಿ ಹೇರಾನ್ ಕಿಮ್ಚಿಯ ಬಟ್ಟಲನ್ನು ಅವನ ಕಡೆ ಸರಿಸಿದಳು. ಅವನು ಅದನ್ನು ಮೇಜಿನ ತುದಿಗೆ ತಳ್ಳಿದ.

"ಇದು ಮನೇಲಿ ಮಾಡಿದ್ದು ರೀ. ನಾನೇ ಮಾಡಿದ್ದು," ಎಂದಳು ಅವಳು. ಅವಳ ದನಿಯಲ್ಲೇ ಅವನಿಗೆ ಗೊತ್ತಾಯಿತು.

"ನಿಂಗೆ ಮೊದಲೇ ಗೊತ್ತಿತ್ತು."

"ಗೊತ್ತಿತ್ತು."

"ಗೊತ್ತಿದ್ದೂ ಸುಮ್ನಿದ್ದೆ?"

"ಏನು ಮಾಡ್ಬೇಕಿತ್ತು? ಒಡಹುಟ್ಟಿದವನನ್ನ ಹಿಡ್ಕೊಡ್ಬೇಕಿತ್ತಾ?" ಹೇರಾನ್ ಚಮಚ ಕೆಳಗಿಟ್ಟಳು. "ತೊಳೀತಾರೆ, ಉಪ್ಪು ಹಾಕ್ತಾರೆ. ಉಪ್ಪಿನ ಮುಂದೆ ಯಾವ ಕ್ರಿಮಿ ಉಳಿಯುತ್ತೆ? ನೀವು ಬಂದರಿನಲ್ಲಿ ಎಷ್ಟು ಕೆಟ್ಟ ಮಾಲು ನೋಡಿಲ್ಲ? ಅದೆಲ್ಲ ಸಮುದ್ರಕ್ಕೆ ಹೋಗುತ್ತಾ?"

"ಅದನ್ನ ನಿಮ್ಮಮ್ಮ ಕೈಯಾರೆ ನಂಗೆ ತಿನ್ನಿಸಿದ್ರು, ಹೇರಾನ್."

"ತಿಂದ್ರಾ?"

"ತಿಂದೆ. ಅವರೂ ಬೆಳಗಿಂದ ರುಚಿ ನೋಡ್ತಾ ಕೂತಿದಾರೆ. ಅವರಿಗೆ ಗೊತ್ತೇ ಇಲ್ಲ. ನಿಮ್ಮಣ್ಣ ಹೆತ್ತ ತಾಯಿಗೂ ಅದನ್ನೇ ತಿನ್ನಿಸ್ತಿದಾನೆ."

ಹೇರಾನ್ ತನ್ನ ಬಟ್ಟಲನ್ನು ಬದಿಗೆ ಸರಿಸಿದಳು. ಆಮೇಲೆ ಅವಳ ಮುಖ ಬಿಗಿಯಿತು. ಇಷ್ಟು ವರ್ಷ ಆಡದೆ ಇಟ್ಟುಕೊಂಡ ಮಾತು ಬಂತು. "ನಿಮ್ಮಮ್ಮನ ಬೆನ್ನು ತೊಳೆಯುವಾಗ ನನ್ನಣ್ಣ ಮೂಗು ಮುಚ್ಕೊಂಡಿದ್ನಾ? ಆಗ ನೀವು ಎಲ್ಲಿದ್ರಿ? ಬಾಗಿಲ ಹೊರಗೆ. ಈಗ ಮಾತ್ರ ನಿಮಗೆ ವಾಸನೆ ಬಂತು."

ದಾಲ್‌ಸು ಎದ್ದುಹೋದ. ಅವಳ ಮಾತು ಸುಳ್ಳಲ್ಲ. ಕೈತೊಳೆಯುವ ತೊಟ್ಟಿಯ ಮುಂದೆ ನಿಂತು, ಆಗಲೇ ತೊಳೆದ ಕೈಯನ್ನು ಮತ್ತೆ ತೊಳೆದ. ಉಗುರಿನ ಸಂದಿ ಮೂಸಿದ. ಸೋಪಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಏನೂ ಇಲ್ಲದಿರುವುದೇ ಈಗ ಅವನಿಗೆ ಹೇಸಿಗೆ ಹುಟ್ಟಿಸಿತು. ನಾತ ಬರುವುದು ಬರಲಿ, ನಾತ ಬಂದರೆ ಜನ ದೂರ ನಿಲ್ಲುತ್ತಾರೆ, ಮಕ್ಕಳನ್ನು ಎಳೆದುಕೊಳ್ಳುತ್ತಾರೆ. ಆ ಒಂದು ಉಪಕಾರವನ್ನೂ ತಾನು ಪೈಪು ಜೋಡಿಸಿ ಕಿತ್ತುಹಾಕಿದ್ದ. ಬೆಟ್ಟದ ಮೇಲಿನ ಯಾವನೋ ಮುದುಕನ ಬಾಯಿಯ ಹತ್ತಿರ ಚಮಚ ಹೋಗುತ್ತದೆ, ಯಾರೋ ಪ್ರೀತಿಯಿಂದ 'ಆ ಅನ್ನಿ' ಎನ್ನುತ್ತಾರೆ, ಅವನು ಬಾಯಿ ತೆರೆಯುತ್ತಾನೆ.

ಭಾನುವಾರ ಮಧ್ಯಾಹ್ನ ಅವನು ಬಸ್ಸಿನಲ್ಲಿ, ಕಾರ್ಖಾನೆಯಿದ್ದ ಜಾಂಗ್ನಿಮ್‌ಗೆ ಹೋದ. ಹಬ್ಬ ಹತ್ತಿರವಿದ್ದದ್ದರಿಂದ ಕಾರ್ಖಾನೆಗೆ ರಜೆ ಇರಲಿಲ್ಲ. ಒಳಗಿನಿಂದ ಹೆಂಗಸರ ಮಾತು, ನೀರಿನ ಸದ್ದು ಕೇಳಿಸುತ್ತಿತ್ತು. ಬಿಸಿಲು ತಗಡಿನ ಮೇಲೆ ಬಿದ್ದು ಕಣ್ಣಿಗೆ ಚುಚ್ಚುತ್ತಿತ್ತು. ಎರಡನೆಯ ಕಂಟೇನರನ್ನು ಇನ್ನೂ ಯಾರೂ ಮುಟ್ಟಿರಲಿಲ್ಲ. ಅವನು ಮೊದಲು ನೀರು ನಿಲ್ಲಿಸಿದ. ಒತ್ತಡ ಇಳಿದದ್ದೇ ಫ್ಯಾನು ಗುರ್ರೆಂದು ಎದ್ದಿತು. ಅದನ್ನೂ ಆರಿಸಿದ. ಪೈಪು ಬಿಚ್ಚಿ ಸುರುಳಿ ಸುತ್ತಿ ಪಕ್ಕಕ್ಕಿಟ್ಟ. ಗಾಳಿಕಿಂಡಿಯನ್ನು ಪೂರ್ತಿ ತಿರುಗಿಸಿ ತೆರೆದ. ಆಮೇಲೆ ಹಿಂದಕ್ಕೆ ಬಂದು, ಎರಡೂ ಕಂಟೇನರುಗಳ ಬಾಗಿಲನ್ನು ಗೋಡೆಗೆ ತಾಗುವವರೆಗೆ ತೆರೆದು, ಮತ್ತೆ ಮುಚ್ಚದ ಹಾಗೆ ತಂತಿ ಬಿಗಿದ.

ಮೊದಲಿಗೆ ಬಿಳಿಯ ತಂಪು ಹೊಗೆ ನೆಲಕ್ಕೆ ಇಳಿಯಿತು. ವಾಸನೆ ಬರಲಿಲ್ಲ. ದಾಲ್‌ಸು ಒಂದು ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕೂತ. ಓಡಿಹೋಗಬೇಕು ಅನಿಸಿತು, ಹೋಗಲಿಲ್ಲ. ಬಿಸಿಲು ಒಳಕ್ಕೆ ನುಗ್ಗಿತು. ತಗಡು ಕಾಯಿತು. ಕೋಸು ಕರಗಿ ನೀರು ಬಿಡತೊಡಗಿತು, ಆಗ ಅದು ಎದ್ದಿತು, ನಿಧಾನವಾಗಿ, ಮಲಗಿದ್ದವನು ಮೈಮುರಿದು ಏಳುವ ಹಾಗೆ. ಅವನ ಕಣ್ಣಲ್ಲಿ ನೀರು ಬಂತು, ಎರಡು ಸಲ ಓಕರಿಸಿದ, ಅಲ್ಲೇ ಕೂತ. ಗೋಡೆಯ ಆಚೆ ಯಾರದೋ ಕಿಟಕಿ ದಡಾರನೆ ಮುಚ್ಚಿಕೊಂಡಿತು. ಇನ್ನೊಂದು ಕಿಟಕಿ ತೆರೆಯಿತು.

"ಏನ್ರೀ ಇದು, ಯಾರಾದ್ರೂ ಸತ್ತಿದಾರಾ ಅಲ್ಲಿ?" ಎಂದು ಕೂಗುತ್ತ ಮೊದಲು ಬಂದವಳು ಲಾಂಡ್ರಿಯವಳೇ. ಕೈಯಲ್ಲಿ ಯಾರದೋ ಇಸ್ತ್ರಿ ಮಾಡಿದ ಅಂಗಿ. ಅದನ್ನೇ ಮೂಗಿಗೆ ಒತ್ತಿ ಹಿಡಿದಿದ್ದಳು. ಹಿಂದೆ ಟೈಲ್ಸ್ ಅಂಗಡಿಯವನು, ಅವನ ಹಿಂದೆ ಚರ್ಚಿನಿಂದ ಬರುತ್ತಿದ್ದ ಒಂದು ಸಂಸಾರ. "ಅಯ್ಯೋ ದೇವ್ರೇ, ಇದು ತಿನ್ನೋ ಕೋಸಲ್ವೇನ್ರೀ?"

"ಹೌದು," ಎಂದ ದಾಲ್‌ಸು. "ತಿನ್ನೋದೇ. ಒಳಗೆ ಬಂದು ನೋಡಿ."

ಲಾಂಡ್ರಿಯವಳು ನೋಡಿದಳು, ಮೊದಲನೆಯ ಕಂಟೇನರಿನ ಬುಟ್ಟಿಗಳ ಮೇಲೆ ಇವತ್ತು ಬಳಸಲೆಂದು ಅಂಟಿಸಿದ ತಾರೀಖಿನ ಚೀಟಿ ನೋಡಿದಳು, ಪರದೆಯ ಈಚೆ ಚಾಕು ಹಿಡಿದು ಕಲ್ಲಾಗಿ ಕೂತ ಹೆಂಗಸರನ್ನು ನೋಡಿದಳು. ಅವಳ ಕೂಗು ನಿಂತಿತು. ಅಂಗಿಯನ್ನು ಮೂಗಿನಿಂದ ತೆಗೆಯದೆ, ಇನ್ನೊಂದು ಕೈಯಲ್ಲಿ ಫೋನು ತೆಗೆದು ಚಿತ್ರ ಹಿಡಿಯತೊಡಗಿದಳು.

ಮಾನ್‌ಗಿ ಓಡಿಬಂದ. ಬಾಗಿಲು ಎಳೆದ, ತಂತಿ ಬಿಡಲಿಲ್ಲ. ಜನರನ್ನು ನೋಡಿದ, ಬಿಚ್ಚಿಟ್ಟ ಪೈಪು ನೋಡಿದ, ಬುಟ್ಟಿಯ ಮೇಲೆ ಕೂತ ದಾಲ್‌ಸುವನ್ನು ನೋಡಿದ. ಬಂದು ಕಪಾಳಕ್ಕೆ ಹೊಡೆದ. ಒದ್ದೆ ಕೈ, ಮೆಣಸಿನಪುಡಿಯ ಕೈ. ಏಟಿಗಿಂತ ಆ ಖಾರ ಉರಿಯಿತು.

"ನನ್ನ ಮನೇಲಿ ಉಂಡು... ನಾಯಿ! ಬಂದು ನನ್ನ ಹತ್ರ ಹೇಳ್ಬೇಕಿತ್ತು. ಜಗಳ ಆಡ್ಬೇಕಿತ್ತು. ಊರ ಮುಂದೆ ನನ್ನ ಮಾನ ಹೀಗೆ ಬಿಚ್ಚಿಡ್ತೀಯೇನೋ?"

"ಹೇಳ್ದೆ ಭಾವ. ನೀವು ನಕ್ರಿ."

ಇನ್ನೊಂದು ಏಟಿಗೆ ಎತ್ತಿದ ಮಾನ್‌ಗಿಯ ಕೈ ಅಲ್ಲೇ ನಿಂತಿತು. ಪ್ಲಾಸ್ಟಿಕ್ ಪರದೆ ಸರಿಸಿಕೊಂಡು ಅತ್ತೆ ಹೊರಗೆ ಬಂದಿದ್ದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಮೂಗು ಮುಚ್ಚಿ ನಿಂತ ಜನರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು.

"ಏನಾಯ್ತು? ಯಾಕೆ ಎಲ್ಲಾರೂ ಮೂಗು ಮುಚ್ಕೊಂಡು ನಿಂತಿದೀರಿ?"

ಟೈಲ್ಸ್ ಅಂಗಡಿಯವನು ಮೂಗಿನಿಂದ ಕೈ ತೆಗೆದ. ಲಾಂಡ್ರಿಯವಳು ಕೂಡ ಫೋನು ಕೆಳಗಿಳಿಸಿದಳು.

"ಒಳಗೆ ಹೋಗಮ್ಮ, ಏನಿಲ್ಲ," ಎಂದ ಮಾನ್‌ಗಿ.

ಮುದುಕಿ ಮಗನ ಮಾತು ಕೇಳಿಸಿಕೊಳ್ಳಲಿಲ್ಲ. ರಬ್ಬರ್ ಚಪ್ಪಲಿ ಎಳೆಯುತ್ತ ಕಂಟೇನರಿನ ಬಾಯಿಯವರೆಗೆ ನಡೆದು ಹೋಗಿ, ಒಂದು ಬುಟ್ಟಿಯನ್ನು ಬಗ್ಗಿ ನೋಡಿದಳು. ಆಮೇಲೆ ಇನ್ನೊಂದನ್ನು ನೋಡಿದಳು. ಕೈ ಹಾಕಿ ಎತ್ತಿದಾಗ ಕೋಸು ಬೆರಳುಗಳ ನಡುವಿನಿಂದ ಜಾರಿ ಬಿತ್ತು. ಸಿಪ್ಪೆ ತೆಗೆಯುವ ಹೆಂಗಸರ ಕಡೆ ತಿರುಗಿದಳು. ಅವರ ಮುಂದಿನ ಕಂದು ಎಲೆಗಳ ಗುಡ್ಡೆ, ಅದರ ಪಕ್ಕದ ಉಪ್ಪುನೀರಿನ ತೊಟ್ಟಿ. ಅವಳು ಮಗನನ್ನು ಬೈಯಲಿಲ್ಲ. ನಲ್ಲಿಯ ಹತ್ತಿರ ಹೋಗಿ ಕೂತು, ಬಾಯಿಗೆ ನೀರು ತುಂಬಿ ಉಗುಳಿದಳು. ಆಮೇಲೆ ಎರಡು ಬೆರಳು ಬಾಯಿಗೆ ಹಾಕಿ ನಾಲಿಗೆಯನ್ನು ಕೆರೆಯತೊಡಗಿದಳು. ಕೆರೆದಳು, ಉಗುಳಿದಳು, ಮತ್ತೆ ಕೆರೆದಳು. ಉಗುಳಿನಲ್ಲಿ ಕೆಂಪು ಬಂತು. ಮೆಣಸಿನದೋ ರಕ್ತದ್ದೋ ತಿಳಿಯಲಿಲ್ಲ. ಮಾನ್‌ಗಿ "ಅಮ್ಮಾ, ಸಾಕಮ್ಮಾ" ಎನ್ನುತ್ತ ಕೈ ಹಿಡಿಯಲು ಹೋದ. ಅವಳು ಮೊಳಕೈಯಿಂದ ಅವನನ್ನು ತಳ್ಳಿದಳು.

ದಾಲ್‌ಸು ಎದ್ದು ಅವಳ ಹತ್ತಿರ ಹೋಗಲಿಲ್ಲ. ಹೋಗಬೇಕಾಗಿತ್ತು ಎಂದು ಆಮೇಲೆ ಅನಿಸಿತು.

ನಗರಸಭೆಯವರು ಬಂದರು, ಆಹಾರ ಇಲಾಖೆಯವರು ಬಂದರು. ಕಾರ್ಖಾನೆಯ ಬಾಗಿಲಿಗೆ ಹಳದಿ ಪಟ್ಟಿ ಅಂಟಿಸಿದರು. ಲಾರಿಗಳೂ ಬಂದವು, ಹಬ್ಬದ ಮುಂಚೆ ಸಿಗುವುದೇ ಇಲ್ಲ ಎಂದಿದ್ದ ಲಾರಿಗಳು. ಕೋಸನ್ನೆಲ್ಲ ತುಂಬಿ ಗೊಬ್ಬರಕ್ಕೆ ಒಯ್ದರು. ವೃದ್ಧರ ಆಸ್ಪತ್ರೆಗೆ ಹೋಗಿದ್ದ ಡಬ್ಬಿಗಳನ್ನು ವಾಪಸು ತರಿಸಿದರು. ಅವುಗಳಲ್ಲಿ ಕೆಲವು ತುಂಬಿದ್ದವು, ಕೆಲವು ಅರ್ಧ, ಇನ್ನು ಕೆಲವು ತೊಳೆದು ಒಣಗಿಸಿದ ಖಾಲಿ ಡಬ್ಬಿಗಳು. ಅಲ್ಲಿ ಯಾರಿಗಾದರೂ ಹೊಟ್ಟೆ ಕೆಟ್ಟಿತ್ತೇ ಎಂದರೆ, ಅವರಿಗೆ ಯಾವಾಗಲೂ ಕೆಟ್ಟೇ ಇರುತ್ತದೆ ಎಂದು ದಾದಿ ಹೇಳಿದಳಂತೆ.

ಹಬ್ಬದ ದಿನ ಮಾನ್‌ಗಿಯ ಮನೆಗೆ ದಾಲ್‌ಸುವನ್ನು ಕರೆಯಲಿಲ್ಲ. ಹೇರಾನ್ ಒಬ್ಬಳೇ ಹೋಗಿ, ಹಿರಿಯರ ಎಡೆಗೆ ನಮಸ್ಕರಿಸಿ, ಊಟ ಮಾಡದೆ ಬಂದಳು. ಅಮ್ಮ ಈಗ ಅಕ್ಕಿಗಂಜಿ ಬಿಟ್ಟು ಬೇರೇನೂ ಮುಟ್ಟುತ್ತಿಲ್ಲ ಎಂದು ಗೋಡೆಗೆ ಹೇಳುವವಳ ಹಾಗೆ ಹೇಳಿದಳು. ಅಣ್ಣನ ಸುದ್ದಿ ಹೇಳಲಿಲ್ಲ, ದಾಲ್‌ಸು ಕೇಳಲಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ತಾಗದ ಹಾಗೆ ಓಡಾಡಿದರು. ಅವನು ಬಂದರಿಗೆ ಹೋಗಿ ಬಂದ. ಅವಳು ಟೀವಿಯ ಸದ್ದು ದೊಡ್ಡದು ಮಾಡಿದಳು.

ಬಿಸಿಲು ಎಳೆಯದಾಗಿ, ಗಾಳಿ ಒಣಗಿದ ಒಂದು ಬೆಳಿಗ್ಗೆ, ಹೇರಾನ್ ಬೇಸಿಗೆಯ ಹೊದಿಕೆಗಳನ್ನೆಲ್ಲ ತೆಗೆದು ಮಾಳಿಗೆಗೆ ಹೊತ್ತೊಯ್ದಳು. ಕೆಂಪು ರಬ್ಬರ್ ತೊಟ್ಟಿಗೆ ಸೋಪಿನ ನೀರು ಸುರಿದು, ಪೈಜಾಮ ಮೊಳಕಾಲಿಗೆ ಏರಿಸಿ, ಒಬ್ಬಳೇ ತುಳಿಯುತ್ತಿದ್ದಳು. ದಾಲ್‌ಸು ಸಿಗರೇಟಿಗೆಂದು ಮೇಲೆ ಬಂದವನು, ಅವಳನ್ನು ನೋಡಿ ಹಿಂತಿರುಗಲು ಹೋದ.

"ಎಲ್ಲಿಗೆ ಹೋಗ್ತೀರಿ? ಇದನ್ನ ಒಬ್ಬಳೇ ಹಿಂಡಕ್ಕಾಗುತ್ತಾ?" ಎಂದಳು ಹೇರಾನ್, ಅವನ ಕಡೆ ನೋಡದೆ.

ಅವನು ಸಿಗರೇಟು ಜೇಬಿಗೆ ಹಾಕಿ, ತೋಳು ಮಡಿಚಿ, ಹೊದಿಕೆಯ ಒಂದು ತುದಿ ಹಿಡಿದ. ಅವಳು ಇನ್ನೊಂದು ತುದಿ ಹಿಡಿದು ಮಾಳಿಗೆಯ ಅಂಚಿನವರೆಗೆ ಹಿಂದಕ್ಕೆ ನಡೆದಳು. ಅವನು ಒಂದು ಕಡೆಗೆ ತಿರುವಿದ, ಅವಳು ಅದರ ಎದುರು ಕಡೆಗೆ ತಿರುವಿದಳು. ಬಟ್ಟೆ ನಡುವೆ ಹಗ್ಗದ ಹಾಗೆ ಬಿಗಿಯಿತು. ಬೂದು ನೀರು ದಪ್ಪಗೆ ಸುರಿದು, ಸಿಮೆಂಟಿನ ಮೇಲೆ ಹರಿದು, ಇಬ್ಬರ ಬರಿಗಾಲುಗಳನ್ನು ದಾಟಿಕೊಂಡು ತೂಬಿನ ಕಡೆ ಹೋಯಿತು.

"ಇನ್ನೂ ಬಿಗಿ ಹಿಡೀರಿ," ಎಂದಳು ಅವಳು.